ಬೆಂಕಿಯಿಲ್ಲದ ಬೀಡಿ

ಭಾದ್ರಪದ ಮಾಸದಲ್ಲಿ ಮನೆಯೊಳಗೆ ಮಾವಿನ ಹಣ್ಣಿನ ವಾಸನೆ ಬಂದರೆ ಯಾರಿಗಾದರೂ ಅನುಮಾನ ಬರಬೇಕು. ನನಗೆ ಅನುಮಾನ ಬರಲಿಲ್ಲ, ಬಾಯಲ್ಲಿ ನೀರು ಬಂತು. ನನ್ನ ತಮ್ಮ ಚನ್ನಬಸಪ್ಪನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆಯೇ ಮೂಗಿಗೆ ಬಡಿದ ಆ ಘಮಕ್ಕೆ ಮರುಳಾಗಿ ನೆಟ್ಟಗೆ ಅಡುಗೆಮನೆಗೆ ನಡೆದೆ. ತಮ್ಮನ ಹೆಂಡತಿ ಶಾರದೆ ರೊಟ್ಟಿ ಬಡಿಯುತ್ತಿದ್ದಳು.

"ಶಾರದಾ, ಈ ತಿಂಗಳಾಗ ಮಾವಿನ ಹಣ್ಣು ಎಲ್ಲಿ ಸಿಕ್ಕೂವು?" ಎಂದು ಕೇಳಿದೆ.

ಅವಳು ಕೈ ನಿಲ್ಲಿಸದೆ, "ಹಣ್ಣಲ್ರಿ ಅಕ್ಕಾರ, ನಿಮ್ಮ ತಮ್ಮ" ಎಂದಳು.

ಪಡಸಾಲೆಗೆ ಬಂದು ನೋಡಿದರೆ ಚನ್ನ ಕುರ್ಚಿಯಲ್ಲಿ ಒರಗಿ ಕುಳಿತಿದ್ದ. ತೊಡೆಯ ಮೇಲೆ ಮೊಮ್ಮಗಳು ಪುಟ್ಟಿ. ಅವನ ಕೈಯಲ್ಲಿ ಬೆರಳುದ್ದದ ಹಳದಿ ಪ್ಲಾಸ್ಟಿಕ್ ಕಡ್ಡಿ. ಮಕ್ಕಳು ಪುಸ್ತಕದ ಸಾಲುಗಳಿಗೆ ಬಣ್ಣ ಬಳಿಯುವ ದಪ್ಪ ಪೆನ್ನಿನಂತೆ ಕಾಣುತ್ತಿತ್ತು. ಅದನ್ನು ತುಟಿಗಿಟ್ಟು ಒಮ್ಮೆ ಎಳೆದ. ತುದಿಯಲ್ಲಿ ನೀಲಿ ದೀಪ ಮಿಣುಕಿತು. ಬಾಯಿಂದ ಮೂಗಿಂದ ಬೆಳ್ಳನೆಯ ಮೋಡ ಹೊರಟು ಫ್ಯಾನಿನ ಗಾಳಿಗೆ ಕದಡಿ ಹೋಯಿತು. ಪುಟ್ಟಿ ಆ ಮೋಡ ಹಿಡಿಯಲು ಕೈ ಚಾಚಿ ಕಿಲಕಿಲ ನಕ್ಕಳು. ತಾತನೂ ನಕ್ಕ. ನಗು ಬಾರದವಳು ನಾನೊಬ್ಬಳೇ.

ಸಿಟ್ಟಿನ ವಿಷಯದಲ್ಲಿ ನನಗೆ ಊರಲ್ಲಿ ಹೆಸರಿದೆ. ಗಡಿಯಾಚೆ, ಆಂಧ್ರದ ಆದೋನಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು ನಾನು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ತೆಲುಗು ಎಂದು ಬೆಳೆದ ಮಕ್ಕಳಿಗೆ ಒತ್ತಕ್ಷರ ತಿದ್ದೀ ತಿದ್ದೀ ನನ್ನ ಕೆಂಪು ಶಾಯಿ ಮೈಗೇ ಇಳಿದಿದೆ ಎಂದು ಮಕ್ಕಳು ಆಡಿಕೊಳ್ಳುತ್ತವೆ. ನನ್ನ ಯಜಮಾನರಂತೂ, "ದಿನಕ್ಕೊಂದು ಸಿಟ್ಟು ಸಿಗದಿದ್ರ ನಿನಗ ಊಟಾನ ಸೇರಂಗಿಲ್ಲ" ಎನ್ನುತ್ತಾರೆ. ಸುಳ್ಳೇನಲ್ಲ. ಗ್ಯಾಸ್ ಸಿಲಿಂಡರ್ ತಡವಾದದ್ದಕ್ಕೂ, ಮದುವೆಯ ಕಾಗದದಲ್ಲಿ ಕಾಗುಣಿತ ತಪ್ಪಿದ್ದಕ್ಕೂ ನಾನು ಒಂದೇ ಅಳತೆಯಲ್ಲಿ ಕೆಂಡವಾಗಬಲ್ಲೆ. ಆದರೆ ಆ ಹಳದಿ ಕಡ್ಡಿಯ ಮೇಲೆ ಬಂದ ಸಿಟ್ಟು ಬೇರೆ ಜಾತಿಯದು. ಅದು ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

"ಏನಪ್ಪಾ ಇದು?" ಎಂದೆ.

"ಸಿಟ್ಟಾಗಬ್ಯಾಡಕ್ಕ. ಇದು ಬೀಡಿ ಅಲ್ಲ. ಬರೇ ಹಬಿ" ಎಂದ ಚನ್ನ.

ಚನ್ನನ ಬೀಡಿಯ ಚರಿತ್ರೆ ಸ್ವಲ್ಪ ಹೇಳಬೇಕು. ಅವನದು ಹತ್ತಿಯ ವ್ಯಾಪಾರ. ಊರ ಹೊರಗೆ ನಮ್ಮ ತಂದೆಯ ಕಾಲದ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು ಅವನ ಕೈಯಲ್ಲಿದೆ. ಸುಗ್ಗಿ ಬಂತೆಂದರೆ ಅದರ ಅಂಗಳದಲ್ಲಿ ಆಳೆತ್ತರ ಹತ್ತಿಯ ರಾಶಿಗಳು ಬೀಳುತ್ತವೆ. ಅಲ್ಲಿ ಬೆಂಕಿಯೆಂಬ ಮಾತನ್ನೂ ಮೆಲ್ಲಗೆ ಆಡಬೇಕು. ಗೇಟಿನಲ್ಲಿ ಕಾವಲುಗಾರ ಖಾಜಾ ಸಾಬ್ ಒಂದು ತಗಡಿನ ಡಬ್ಬಿ ಇಟ್ಟುಕೊಂಡು ಕೂತಿರುತ್ತಾನೆ. ಒಳಗೆ ಹೋಗುವವರು ರೈತರಾಗಲಿ, ಹಮಾಲರಾಗಲಿ, ಖುದ್ದು ಸಾಹುಕಾರರಾಗಲಿ, ಬೀಡಿ ಕಡ್ಡಿಪೆಟ್ಟಿಗೆಯನ್ನು ಆ ಡಬ್ಬಿಗೆ ಹಾಕಿಯೇ ಹೋಗಬೇಕು. ನಮ್ಮ ತಂದೆ ಮಾಡಿಟ್ಟ ಕಟ್ಟಳೆ. ಚನ್ನನೂ ಅದನ್ನು ಮೀರಿದವನಲ್ಲ. ಬಾಯಿ ಚಪಲವಾದರೆ ಲೆಕ್ಕ ಅರ್ಧಕ್ಕೆ ಬಿಟ್ಟು, ಬಿಸಿಲಲ್ಲಿ ಗೇಟಿನತನಕ ನಡೆದು, ಬೇವಿನ ಮರದ ಕೆಳಗೆ ಹಮಾಲರ ಜೊತೆ ಕೂತು ಬೀಡಿ ಸೇದಿ ವಾಪಸು ಬರುತ್ತಿದ್ದ. ಸಾಹುಕಾರನಾದರೂ ಸಿಗರೇಟು ಅವನಿಗೆ ಒಗ್ಗಲಿಲ್ಲ, ಬೀಡಿಯೇ ಬೇಕು.

ಹೋದ ವರ್ಷ ಡಾಕ್ಟರು ಎದೆಯ ಫೋಟೋ ನೋಡಿ ಗದರಿದರು. ಚನ್ನ ಹೆದರಿ ಉರುಕುಂದಕ್ಕೆ ಹೋಗಿ ಈರಣ್ಣಸ್ವಾಮಿಯ ಮುಂದೆ ಇನ್ನು ಬೀಡಿ ಮುಟ್ಟುವುದಿಲ್ಲವೆಂದು ಆಣೆ ಮಾಡಿ ಬಂದ. ಆಮೇಲೆ ಗಂಟು ಮುಖ ಹಾಕಿಕೊಂಡು ಹೇಗೋ ದಿನ ದೂಡುತ್ತಿದ್ದನಂತೆ. ಕದ್ದು ಒಂದೆರಡು ಸೇದಿದನೆಂದೂ ಶಾರದೆ ಹೇಳಿದಳು. ಹಾಗೆ ಕದ್ದು ಸೇದಿ ಬಂದ ಒಂದು ಸಂಜೆ ಪುಟ್ಟಿಯನ್ನು ಎತ್ತಿಕೊಳ್ಳಲು ಹೋದರೆ ಆ ಮಗು ಮೂಗು ಮುಚ್ಚಿಕೊಂಡು, "ತಾತ ಚೀ" ಎಂದು ಮುಖ ತಿರುಗಿಸಿತಂತೆ. ಡಾಕ್ಟರಿಗೂ ದೇವರಿಗೂ ಅರೆಬರೆ ಬಗ್ಗಿದವನು ಆ ಒಂದು ಮಾತಿಗೆ ಪೂರ್ತಿ ಕುಸಿದ. ಮರುದಿನವೇ ಊರಲ್ಲಿ ಯಾರೋ ಈ ಕಡ್ಡಿಯ ಸುದ್ದಿ ಹೇಳಿದರು. ವಾಸನೆ ಇಲ್ಲ, ಇದ್ದರೂ ಹಣ್ಣಿನ ವಾಸನೆ. ಬೀಡಿ ಅಲ್ಲ, ಆದ್ದರಿಂದ ಆಣೆಯೂ ಮುರಿಯುವುದಿಲ್ಲ.

"ಈರಣ್ಣಸ್ವಾಮಿ ಮುಂದ ಬೀಡಿ ಬಿಡ್ತೀನಿ ಅಂದೀನಿ. ಹಬಿ ಬಿಡ್ತೀನಿ ಅಂದಿಲ್ಲಲ್ಲ" ಎಂದ, ವಕೀಲನ ಹಾಗೆ.

"ಇಡ್ಲಿ ಪಾತ್ರ್ಯಾಗ ಬರೋದು ಹಬಿ. ನೀ ಇಡ್ಲಿ ಬೇಯಿಸಾಕ ಹತ್ತೀಯೇನು ಪುಪ್ಪುಸದಾಗ?" ಎಂದೆ. ಅವನು ನಕ್ಕು ಇನ್ನೊಮ್ಮೆ ಎಳೆದ.

ನಾನು ಭಾಷೆಯ ಟೀಚರು. ಸಿಟ್ಟು ಬಂದಾಗ ಪದಗಳನ್ನು ಹಿಡಿದು ಜಗ್ಗುವುದು ನನ್ನ ಚಾಳಿ. ನಾವು ಕನ್ನಡದವರು ಬೀಡಿ ಸೇದುತ್ತೇವೆ. ಅದೇ ಕ್ರಿಯಾಪದದಲ್ಲಿ ಬಾವಿಯಿಂದ ನೀರನ್ನೂ ಸೇದುತ್ತೇವೆ. ಪಕ್ಕದ ಮನೆಯ ತೆಲುಗಿನವರು ಸಿಗರೇಟು ಕುಡಿಯುತ್ತಾರೆ. ನಮ್ಮ ಓಣಿಯ ಉರ್ದು ಮಾತಿನವರೂ ಬೀಡಿ ಕುಡಿಯುವವರೇ. ನನಗೇನೋ ನಮ್ಮ ಸೇದುವುದೇ ಸರಿಯೆನಿಸುತ್ತದೆ. ಸೇದುವುದರಲ್ಲಿ ಮೈಮುರಿಯುವ ಕೆಲಸವಿದೆ. ಹಗ್ಗ ಬಿಡಬೇಕು, ಎಳೆಯಬೇಕು, ಕೊಡ ತುಂಬಿದ ಮೇಲೆ ನಿಲ್ಲಿಸಬೇಕು. ಬೀಡಿಗೂ ಅಷ್ಟೇ ರಗಳೆ. ಕಡ್ಡಿಪೆಟ್ಟಿಗೆ ಹುಡುಕಬೇಕು, ಗಾಳಿಗೆ ಕೈ ಅಡ್ಡ ಹಿಡಿಯಬೇಕು, ಎಳೆಯುತ್ತಲೇ ಇರದಿದ್ದರೆ ಆರಿಹೋಗುತ್ತದೆ, ಎಳೆದರೆ ಮುಗಿದುಹೋಗುತ್ತದೆ. ಮುಗಿಯುವುದು ಎಷ್ಟು ದೊಡ್ಡ ಉಪಕಾರ ಎಂದು ನಾವು ಯೋಚಿಸಿಯೇ ಇರಲಿಲ್ಲ. ಈ ಕಡ್ಡಿಗೆ ನಮ್ಮ ಓಣಿಯ ಯಾವ ಭಾಷೆಯವರೂ ಇನ್ನೂ ಕ್ರಿಯಾಪದ ಹುಡುಕಿಲ್ಲ. ಸೇದುವುದಂತೂ ಅಲ್ಲ, ತಿರುಗಿಸಿ ಬಿಟ್ಟ ನಲ್ಲಿ ಅದು.

ಹಾಗಾಗಿಯೇ ಚನ್ನ ಬೀಡಿಯ ಕಾಲದಲ್ಲಿ ಎಂದೂ ಎಳೆಯದಷ್ಟು ಈಗ ಎಳೆಯತೊಡಗಿದ. ಮೊದಲು ಗೇಟಿನತನಕ ನಡೆಯುವ ಬೇಸರಕ್ಕೆ ಎಷ್ಟೋ ಬೀಡಿಗಳು ಅವನ ಬಾಯಿಗೆ ಬರದೆ ಉಳಿದಿದ್ದವು. ಬಿಸಿಲು, ಹತ್ತಿ, ಖಾಜಾ ಸಾಬನ ಡಬ್ಬಿ, ಶಾರದೆಯ ಮೂಗು, ಇವೆಲ್ಲ ಅವನಿಗೇ ತಿಳಿಯದ ಹಾಗೆ ಅವನನ್ನು ಹಿಡಿದು ನಿಲ್ಲಿಸಿದ್ದವು. ಈಗ ಯಾವುದೂ ಅಡ್ಡವಿಲ್ಲ. ಹಾಸಿಗೆಯಲ್ಲಿ ಎಳೆದ, ಸ್ನಾನದ ಮನೆಯಲ್ಲಿ ಎಳೆದ, ಕಾರಿನಲ್ಲಿ ಎಳೆದ, ವಿಭೂತಿ ಧರಿಸಿ ಪೂಜೆಗೆ ಕೂರುವ ಮೊದಲೊಮ್ಮೆ, ಎದ್ದ ಮೇಲೊಮ್ಮೆ ಎಳೆದ. ಮಿಲ್ಲಿನ ಗೇಟಿನಲ್ಲಿ ಖಾಜಾ ಸಾಬ್ ಡಬ್ಬಿ ಮುಂದೆ ಚಾಚಿದಾಗ, "ಇದರಾಗ ಬೆಂಕಿ ಇಲ್ಲ ಸಾಬ್" ಎಂದು ಜೇಬಿನಲ್ಲಿಟ್ಟುಕೊಂಡೇ ಒಳಗೆ ಹೋದ. ಹತ್ತಿಯ ರಾಶಿಗಳ ನಡುವೆ ನಿಂತು ಮಾವಿನ ಮೋಡ ಬಿಟ್ಟ ಮೊದಲ ಮನುಷ್ಯ ನನ್ನ ತಮ್ಮನೇ ಇರಬೇಕು.

ನಾನು ಹೋದಾಗಲೆಲ್ಲ ಜಗಳ ತೆಗೆದೆ. ಬೀಡಿಯಲ್ಲಿರುವ ನಿಕೋಟಿನ್ನೇ ಇದರಲ್ಲೂ ಇರುತ್ತದೆ ಎಂದೆ. ಇದು ಇ-ಸಿಗರೇಟು, ನಮ್ಮ ದೇಶದಲ್ಲಿ ಇದನ್ನು ಮಾರುವುದೇ ಅಪರಾಧ ಎಂದೆ. ಅವನು ಎಲ್ಲಕ್ಕೂ, "ಆಯ್ತಕ್ಕ, ಇದು ಮುಗದ ಮ್ಯಾಲ ಬಿಟ್ಟುಬಿಡ್ತೀನಿ" ಎನ್ನುತ್ತಿದ್ದ. ಮುಗಿಯುವ ಹೊತ್ತಿಗೆ ಇನ್ನೊಂದು ಬಂದಿರುತ್ತಿತ್ತು. ಒಮ್ಮೆ ದ್ರಾಕ್ಷಿ, ಒಮ್ಮೆ ಕಲ್ಲಂಗಡಿ. ಆ ಮನೆಯಲ್ಲಿ ಋತುಗಳೇ ಕೆಟ್ಟು ಕೂತವು.

ಒಂದು ಭಾನುವಾರ ನಾವೆಲ್ಲ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಚನ್ನ ಫೋನ್ ಬಂತೆಂದು ಕಡ್ಡಿಯನ್ನು ಕುರ್ಚಿಯ ತೋಳಿನ ಮೇಲೆ ಇಟ್ಟು ಹೊರಗೆ ಎದ್ದುಹೋದ. ನಾನು ತಿರುಗಿ ನೋಡುವಷ್ಟರಲ್ಲಿ ಪುಟ್ಟಿ ಅದನ್ನು ಎತ್ತಿಕೊಂಡು, ಕುರ್ಚಿಗೆ ಒರಗಿ, ಥೇಟ್ ತಾತನಂತೆ ಕಾಲ ಮೇಲೆ ಕಾಲು ಹಾಕಿ, ಬಾಯಿಗಿಟ್ಟು ಎಳೆದಳು. ನೀಲಿ ದೀಪ ಮಿಣುಕಿತು. ಮರುಕ್ಷಣ ಮಗು ಕೆಮ್ಮಿ ಕೆಮ್ಮಿ ಕೆಂಪಾಗಿ, ಕುಡಿದ ಹಾಲನ್ನೆಲ್ಲ ಕಾರಿಕೊಂಡಿತು. ಶಾರದೆ ಎತ್ತಿಕೊಂಡು ಬಾಯಿ ತೊಳೆಸಿ ಬೆನ್ನು ಸವರಿದಳು. ಓಡಿಬಂದ ಚನ್ನನ ಮುಖ ಬಿಳಿಚಿತ್ತು. ಮಗುವನ್ನು ಕೂಡಲೇ ಡಾಕ್ಟರಿಗೆ ತೋರಿಸಿದೆವು. ದೇವರು ದೊಡ್ಡವನು, ಸಂಜೆಯ ಹೊತ್ತಿಗೆ ಮತ್ತೆ ಆಡತೊಡಗಿತು. ಮಗುವಿನ ತಪ್ಪೇನು? ಹಣ್ಣಿನ ವಾಸನೆ ಬರುವುದನ್ನು ಬಾಯಿಗೆ ಹಾಕಿಕೊಳ್ಳಬೇಕು ಎಂಬಷ್ಟು ತಿಳಿವಳಿಕೆ ಅದಕ್ಕಿದೆ. ಬೀಡಿಯನ್ನು ಅದೇ ಮಗು ಮೂಸಿ ನೋಡಿ ಚೀ ಎಂದಿತ್ತು. ಆ ಚೀ ಅನ್ನಿಸುವ ಗುಣವನ್ನು ಬುದ್ಧಿಪೂರ್ವಕವಾಗಿ ತೆಗೆದುಹಾಕಿ ಮಾಡಿದ ವಸ್ತು ಇದು.

ಚನ್ನ ಕಡ್ಡಿ ಕೊಳ್ಳುವ ಅಂಗಡಿ ಯಾವುದೆಂದು ಶಾರದೆಯಿಂದ ತಿಳಿದುಕೊಂಡು, ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ನೆಟ್ಟಗೆ ಅಲ್ಲಿಗೆ ಹೋದೆ. ಹೆಸರಿಗೆ ಮೊಬೈಲ್ ಕವರು, ಚಾರ್ಜರು ಮಾರುವ ಅಂಗಡಿ. ಗಲ್ಲೆಯ ಹಿಂದೆ ಒಬ್ಬ ಯುವಕ, ನಯವಾದ ಮುಖ, ಹಣೆಯ ಮೇಲೆ ಕುಂಕುಮ.

"ಏಂ ಕಾವಾಲಿ ಮೇಡಂ?" ಎಂದ. ಏನು ಬೇಕು ಅಂತ.

"ಅದು ಬೇಕು. ಮಾವಿನ ಹಣ್ಣಿಂದು" ಎಂದೆ ಕನ್ನಡದಲ್ಲೇ.

ಅವನು ನನ್ನ ಇಳಕಲ್ ಸೀರೆಯನ್ನೂ ನರೆತ ಜಡೆಯನ್ನೂ ನೋಡಿದ. ಬಾಗಿಲಾಚೆ ಒಮ್ಮೆ ಕಣ್ಣಾಡಿಸಿ, ಕಾಲ ಬಳಿಯಿಂದ ಚಪ್ಪಲಿಯ ಡಬ್ಬಿಯೊಂದನ್ನು ಎತ್ತಿ ಮುಚ್ಚಳ ತೆಗೆದ. ಒಳಗೆ ಮಕ್ಕಳ ಹುಟ್ಟುಹಬ್ಬದಂತೆ ಬಣ್ಣಬಣ್ಣ.

"ಸಾರ್‌ಗ್ರಿ, ನಿಮಗ್ರಿ?" ಎಂದು ಕನ್ನಡಕ್ಕೆ ಹೊರಳಿ ಕೇಳಿದ. ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲ.

"ನನಗ ಅಂತ ತಿಳಕೋ. ನಾ ಬೀಡಿ ಸೇದಾಕಿ ಅಲ್ಲ. ಇದನ್ನ ಯಾಕ ಹಿಡೀಬೇಕು, ಹೇಳು ನೋಡೋಣ."

"ಟೆನ್ಷನ್ ಇರ್ತೈತಲ್ರಿ ಮೇಡಂ ಎಲ್ಲಾರಿಗೂ. ಒಂದ್ ಎಳದ್ರ ತಲಿ ಹಗೂರ. ಬೂದಿ ಇಲ್ಲ, ನಾತ ಇಲ್ಲ, ಮನ್ಯಾಗ ಗೊತ್ತಾಗಂಗಿಲ್ಲ. ಬೀಡಿ ಬಿಡಬೇಕಂತ ಬರೋರು ಭಾಳ ಮಂದಿ."

"ಬಿಟ್ಟೋರು ಎಷ್ಟು ಮಂದಿ?"

"ಬೀಡಿ ಬಿಟ್ಟಾರ್ರಿ. ಇದನ್ನ ತಗೊಂತಾರ" ಎಂದು ನಕ್ಕ.

"ಬೀಡೀನ ಮುಟ್ಟದೋರು ಯಾಕ ಬರ್ತಾರ?"

"ಫ್ಲೇವರ್‌ಗ್ರಿ. ಫ್ರೆಂಡ್ಸ್ ಕೈಯಾಗ ನೋಡಿರ್ತಾರ. ಫೋಟೋದಾಗ ಚಂದ ಕಾಣ್ತೈತಿ. ಸುಮ್ನ ಒಂದ್ಸಲ ಅಂತ ಬರ್ತಾರ, ಆಮ್ಯಾಲ ತಾವಾಗೇ ಬರ್ತಾರ. ಏಂ ಕಾದು ಮೇಡಂ, ಏನಾಗಂಗಿಲ್ಲ, ಬರೇ ಹಬಿ."

"ನಿನಗ ಮಕ್ಕಳದಾವೇನು?"

"ಒಬ್ಬ ಮಗ ಅದಾನ್ರಿ."

"ಅವಗ ಯಾವ ಫ್ಲೇವರ್ ಕೊಡ್ತಿ?"

ಅವನ ನಗು ನಿಂತಿತು. "ಹಂಗನಬ್ಯಾಡ್ರಿ ಮೇಡಂ" ಎಂದು ಮುಚ್ಚಳ ಹಾಕಿದ. ಡಬ್ಬಿಯನ್ನು ಕಾಲ ಬಳಿಗೆ ಸರಿಸಿ, "ನೀವು ಪೊಲೀಸ್ ಕಡೆಯೋರೇನ್ರಿ?" ಎಂದ.

"ಕನ್ನಡ ಟೀಚರ್" ಎಂದೆ.

ಆಗ ಅವನ ಮುಖದಲ್ಲಿ ಎಂಥ ನಿರಾಳ ಮೂಡಿತೆಂದರೆ, ಕನ್ನಡ ಸಾಹಿತ್ಯಕ್ಕೇ ಅವಮಾನವಾದಂತಾಯಿತು. ಹೊರಗೆ ಬಂದು ಪೊಲೀಸ್ ಠಾಣೆಗೂ ಹೋಗಿ ಹೇಳಿದೆ. ಬರೆದುಕೊಂಡರು. ಒಂದೆರಡು ದಿನ ಆ ಅಂಗಡಿಗೆ ಬಾಗಿಲು ಬಿದ್ದಿತ್ತು. ಮತ್ತೆ ಮೊಬೈಲ್ ಕವರುಗಳು ತೂಗಾಡಿದವು. ಚಪ್ಪಲಿಯ ಡಬ್ಬಿ ಎಲ್ಲಿಗೆ ಹೋಯಿತೋ, ಅಥವಾ ಎಲ್ಲಿಗೂ ಹೋಗಲಿಲ್ಲವೋ.

ಮನೆಗೆ ಬಂದು ಯೋಚಿಸಿದೆ. ಯಾಕೆ ಹಿಡಿಯುತ್ತಾರೆ ಎಂಬ ನನ್ನ ಪ್ರಶ್ನೆಗೆ ಅವನು ಕೊಟ್ಟ ಉತ್ತರಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಬಿಡಬೇಕೆಂದು ಹಿಡಿಯುತ್ತಾರೆ. ಮನೆಯವರಿಗೆ ತೊಂದರೆ ಕೊಡಬಾರದೆಂದು ಹಿಡಿಯುತ್ತಾರೆ. ನನ್ನ ತಮ್ಮನಂಥವರು ಮಗುವನ್ನು ಎತ್ತಿಕೊಳ್ಳುವ ಆಸೆಗೆ ಹಿಡಿಯುತ್ತಾರೆ. ಹೋದ ವಾರ ನಮ್ಮ ಶಾಲೆಯಲ್ಲೇ, ಎದುರು ಮಾತನಾಡಲು ಹೆದರುವ ಹುಡುಗಿಯೊಬ್ಬಳ ಕಂಪಾಸ್ ಡಬ್ಬಿಯಲ್ಲಿ ಇಂಥದೇ ಗುಲಾಬಿ ಕಡ್ಡಿ ಸಿಕ್ಕಿತ್ತು. ಯಾಕೆ ತಗೊಂಡೆಯೆಂದು ಕೇಳಿದರೆ, "ಎಲ್ಲಾರೂ ನನ್ನನ್ನ ಜೊತಿಗೆ ಕರಕೊಂಡ್ರು ಮಿಸ್" ಎಂದು ಅತ್ತಳು. ಜೊತೆಗೆ ಕರೆಯಲಿ ಎಂಬ ಆಸೆ ತಪ್ಪೇ? ಈ ಕಾರಣಗಳನ್ನೆಲ್ಲ ಒಂದೊಂದಾಗಿ ನೋಡಿದರೆ ಎಲ್ಲವೂ ಮನುಷ್ಯರ ಒಳ್ಳೆಯ ಆಸೆಗಳೇ, ಇಲ್ಲವೇ ಕನಿಕರ ಪಡಬೇಕಾದ ಆಸೆಗಳು. ಅವುಗಳ ಬಾಗಿಲಲ್ಲೇ ಕಾದು ನಿಂತು, ಒಂದೊಂದಕ್ಕೂ ಒಂದೊಂದು ಬಣ್ಣ ಬಳಿದು ಮಾರುತ್ತಾರಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ಪುಟ್ಟಿಯ ಪ್ರಸಂಗದ ನಂತರ ಚನ್ನ ಮನೆಯಲ್ಲಿ ಕಡ್ಡಿ ತೆಗೆಯುವುದನ್ನು ನಿಲ್ಲಿಸಿದ. ಅಂದರೆ ಅಷ್ಟನ್ನೂ ಮಿಲ್ಲಿನಲ್ಲೇ ಎಳೆಯತೊಡಗಿದ.

ಕಾರ್ತಿಕದ ಕಡೇ ಸೋಮವಾರಕ್ಕೆ ದೀಪದ ಬತ್ತಿ ಹೊಸೆಯಲು ಒಳ್ಳೆಯ ಹತ್ತಿ ಬೇಕಿತ್ತು. ಪ್ರತಿವರ್ಷದಂತೆ ಮಿಲ್ಲಿಗೆ ಹೋದೆ. ಅಂಗಳದ ತುಂಬ ರಾಶಿಗಳು, ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬೆಳ್ಳಗೆ. ಹೆಂಗಸರು ಸಾಲಾಗಿ ಕೂತು ಕಸ, ಒಣಗಿದ ಎಲೆ ಆರಿಸಿ ಹತ್ತಿ ಹಸನು ಮಾಡುತ್ತಿದ್ದರು. ಅವರ ನಡುವೆ ಹನುಮಕ್ಕ, ನಮ್ಮ ತಂದೆಯ ಕಾಲದಿಂದಲೂ ಅಲ್ಲಿ ದುಡಿಯುವವಳು, ನನ್ನ ಸೆರಗಿಗೆ ಒಳ್ಳೆಯ ಹತ್ತಿ ಆರಿಸಿ ಆರಿಸಿ ಹಾಕುತ್ತಿದ್ದಳು. ಸ್ವಲ್ಪ ದೂರದಲ್ಲಿ ಚನ್ನ ಆಸ್ಪರಿಯ ಕಡೆಯ ರೈತನೊಬ್ಬನ ಜೊತೆ ಅವನ ರಾಶಿಯ ಪಕ್ಕ ನಿಂತು ಮಾತನಾಡುತ್ತಿದ್ದ. ಮೈಮೇಲೆಲ್ಲ ಹತ್ತಿಯ ಎಳೆ ಅಂಟಿತ್ತು.

ಇದ್ದಕ್ಕಿದ್ದಂತೆ ಅವನು "ಅಯ್ಯಪ್ಪಾ" ಎಂದು ಜೇಬಿಗೆ ಕೈ ಹಾಕಿದ. ಒಳಗಿದ್ದ ಕಡ್ಡಿ ಹೇಗೆ ಕಾದಿತೋ, ಅದರ ಬ್ಯಾಟರಿಗೆ ಏನಾಗಿತ್ತೋ, ನಮಗೆ ಇಂದಿಗೂ ತಿಳಿಯದು. ಕೈಗೆ ಕೆಂಡ ತಾಗಿದವನು ಮಾಡುವುದನ್ನೇ ಅವನು ಮಾಡಿದ. ಹೊರಗೆಳೆದು ಬೀಸಿ ಒಗೆದ. ಅದು ಹೋಗಿ ರಾಶಿಯ ಮೇಲೆ ಬಿತ್ತು. ಪಟ್ ಎಂದು ಸದ್ದಾಯಿತು. ಒಂದು ಕಿಡಿ, ಒಂದು ನೀಲಿ ನಾಲಗೆ, ಅಷ್ಟೇ. ಹತ್ತಿಗೆ ಬೆಂಕಿ ಹತ್ತಲು ಸಮಯ ಬೇಕಿಲ್ಲ. ಬೆಳ್ಳಗಿದ್ದದ್ದು ಕಣ್ಣೆದುರೇ ಕಂದಾಗಿ, ಕಪ್ಪಾಗಿ ಒಳಗೊಳಗೇ ಹರಡತೊಡಗಿತು.

ಚನ್ನ ಕಲ್ಲಾಗಿ ನಿಂತ. ನಾನು ಕೂಗಿದೆ, ಕೂಗುವುದು ನನಗೆ ಬರುತ್ತದೆ. ಹಮಾಲರು ಮರಳಿನ ಬಕೆಟ್ಟು ತಂದು ಸುರಿದರು. ಖಾಜಾ ಸಾಬ್ ಪೈಪು ಎಳೆದುಕೊಂಡು ಓಡಿಬಂದ. ಪಕ್ಕದ ರಾಶಿಗೆ ಬೆಂಕಿ ದಾಟದಂತೆ ನಡುವಿನ ಹತ್ತಿಯನ್ನು ಎಳೆದು ದೂರ ಮಾಡಬೇಕಿತ್ತು. ಹನುಮಕ್ಕ ಸೀರೆಯನ್ನು ಮೊಣಕಾಲಿಗೆ ಕಟ್ಟಿ ನುಗ್ಗಿದಳು. ಎರಡು ಕೈಯಿಂದ ಬಾಚಿ ಬಾಚಿ ಹಿಂದಕ್ಕೆ ಎಸೆದಳು. ಅವಳ ಹಿಂದೆ ಉಳಿದ ಹೆಂಗಸರೂ ನುಗ್ಗಿದರು. ಮೇಲೆ ಬೆಳ್ಳಗೆ ಕಂಡ ಹತ್ತಿಯ ಒಳಗೆ ಬೆಂಕಿ ಕೂತಿತ್ತು. ಹನುಮಕ್ಕ ಅದರಲ್ಲೇ ಕೈ ಹಾಕಿದ್ದಳು. ಚೀರಿದಳು, ಆದರೂ ಕೈಯಲ್ಲಿದ್ದದ್ದನ್ನು ದೂರ ಎಸೆದ ಮೇಲೆಯೇ ಕೂತಳು.

ಬೆಂಕಿ ಆರಿತು. ಆ ರೈತನ ಅರ್ಧ ರಾಶಿ ಬೂದಿಯಾಯಿತು. ಮಿಕ್ಕ ಅಂಗಳ ಉಳಿಯಿತು. ರೈತನಿಗೆ ನಷ್ಟವಾಗದಂತೆ ಚನ್ನ ಆವತ್ತೇ ನೋಡಿಕೊಂಡ. ಆದರೆ ಹನುಮಕ್ಕನ ಎರಡೂ ಅಂಗೈ ಸುಟ್ಟಿದ್ದವು.

ಆಸ್ಪತ್ರೆಯಲ್ಲಿ ಅವಳ ಕೈಗಳಿಗೆ ಮೊಣಕೈತನಕ ಬಿಳಿ ಪಟ್ಟಿ ಸುತ್ತಿದ್ದರು. ನಾನು ಅನ್ನ ಕಲಸಿ ಉಣಿಸಿದೆ. ಚನ್ನ ಮಂಚದ ಕಾಲ ಬಳಿ ನಿಂತೇ ಇದ್ದ. ಕುರ್ಚಿ ಇದ್ದರೂ ಕೂರಲಿಲ್ಲ. ಉಂಡು ನೀರು ಕುಡಿದ ಮೇಲೆ ಹನುಮಕ್ಕ ಅವನ ಕಡೆ ತಿರುಗಿದಳು.

"ಸಾವ್ಕಾರ್ರ, ಒಂದ್ ಕೇಳ್ಲಿ? ಸಿಟ್ಟಾಗಬ್ಯಾಡ್ರಿ. ಅದನ್ನ ಎಳದ್ರ ಏನಾಗ್ತೈತ್ರಿ?"

ಅವಳು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯುವ ಆಸೆ ಮುಖದಲ್ಲಿತ್ತು. ನನ್ನ ನಾಲಗೆಯ ತುದಿಗೆ ಉಪನ್ಯಾಸವೊಂದು ಬಂದು ನಿಂತಿತು, ನುಂಗಿಕೊಂಡೆ. ಚನ್ನ ಮಂಚದ ಕಂಬಿ ಹಿಡಿದುಕೊಂಡು ಹೇಳಿದ.

"ಮೊದಲಿಗೆ ಪುಟ್ಟಿ ಹತ್ರ ಬರಲಿ ಅಂತ ಹಿಡದೆನವ್ವಾ. ಆಕಿ ಬಂದಳು. ಆಮ್ಯಾಲ ಆಕಿ ಇಲ್ಲದಾಗೂ ಕೈ ಅದನ್ನ ಹುಡಕ್ತಿತ್ತು. ಕೈ ಖಾಲಿ ಐತಿ ಅನಸ್ತಿತ್ತು. ಇಷ್ಟ ನೋಡು. ಬ್ಯಾರೆ ಏನೂ ಇಲ್ಲ."

ಹನುಮಕ್ಕ ತನ್ನ ಪಟ್ಟಿ ಸುತ್ತಿದ ಕೈಗಳನ್ನು ಎತ್ತಿ ನೋಡಿಕೊಂಡಳು. "ಕೈ ಖಾಲಿ ಇರೋದು ಹೆಂಗಿರ್ತೈತಿ ಅಂತ ನನಗ ಗೊತ್ತ ಇರಲಿಲ್ರಿ. ಈಗ ಗೊತ್ತಾತು ನೋಡ್ರಿ" ಎಂದು ನಕ್ಕಳು. ನಕ್ಕದ್ದು ಅವಳೊಬ್ಬಳೇ. ನನ್ನ ತಮ್ಮ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತು ಅತ್ತ.

ಅಲ್ಲಿಂದಾಚೆ ಅವನು ಅದನ್ನು ಮುಟ್ಟಿಲ್ಲ, ಬೀಡಿಯನ್ನೂ ಮುಟ್ಟಿಲ್ಲ. ಹೇಳಿದಷ್ಟು ಸುಲಭವಾಗಿ ಅದು ಆಗಲಿಲ್ಲ. ನಿದ್ದೆ ಕೆಟ್ಟಿತು, ಶಾರದೆಯ ಮೇಲೂ ಗುಮಾಸ್ತನ ಮೇಲೂ ಹರಿಹಾಯ್ದ. ಡಾಕ್ಟರ ಬಳಿ ಹೋಗಿ ನಾಚಿಕೆ ಬಿಟ್ಟು ಎಲ್ಲ ಹೇಳಿ ಔಷಧಿ ತಂದುಕೊಂಡ. ಹನುಮಕ್ಕನ ಕೈ ವಾಸಿಯಾಗುವತನಕ ಅವಳ ಮನೆಗೆ ಕೂಲಿಯೂ ಊಟವೂ ತಪ್ಪಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅವಳು ಮಿಲ್ಲಿಗೆ ಮರಳಿದಳು. ಎಡಗೈಯ ಎರಡು ಬೆರಳು ಮಾತ್ರ ಪೂರ್ತಿ ಮಡಚುವುದಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಚಪ್ಪಲಿಯ ಡಬ್ಬಿಯಲ್ಲಿದ್ದ ಬಣ್ಣಗಳು ಕಣ್ಣಿಗೆ ಕಟ್ಟುತ್ತವೆ. ಬರೇ ಹಬಿ ಎಂದವನು ಬಂದು ಆ ಬೆರಳುಗಳನ್ನು ಒಮ್ಮೆ ನೋಡಬೇಕಿತ್ತು.

ಮೊನ್ನೆ ಅವಳನ್ನು ಮಾತನಾಡಿಸಿ ಬರೋಣವೆಂದು ಮಿಲ್ಲಿಗೆ ಹೋದೆ. ಗೇಟಿನಲ್ಲಿ ಖಾಜಾ ಸಾಬ್ ಕೈ ಅಡ್ಡ ಮಾಡಿದ.

"ಅಮ್ಮಾರ, ಫೋನ್ ಇಲ್ಲಿ ಇಟ್ಟು ಹೋಗ್ರಿ. ಬ್ಯಾಟರಿ ಇರೋದು ಯಾವ್ದೂ ಒಳಗ ಬಿಡಬ್ಯಾಡ ಅಂತ ಸಾವ್ಕಾರ್ರು ಹೇಳ್ಯಾರ."

ನನಗೆ ರೇಗಿತು. ನಾನೇನು ಅದನ್ನು ಎಳೆಯುತ್ತೇನೆಯೇ? ಬೀಡಿ ಬಿಡಿಸಿದಾಗ ಯಾರೂ ತುಟಿ ಪಿಟ್ಟೆನ್ನಲಿಲ್ಲವಂತೆ, ಫೋನು ಬಿಡಿಸಿದ್ದಕ್ಕೆ ವ್ಯಾಪಾರಿಗಳೆಲ್ಲ ದಿನಾ ಜಗಳವಂತೆ. ನಾನೂ ನನ್ನ ಪಾಲಿನ ಜಗಳ ಮಾಡಿಯೇ ಫೋನು ಕೊಟ್ಟು ಒಳಗೆ ಹೋದೆ. ಅಂಗಳದಲ್ಲಿ ಗೋಡೆಯ ನೆರಳಿದ್ದ ಕಡೆ ಹನುಮಕ್ಕನ ಪಕ್ಕ ಹೋಗಿ ಕುಳಿತೆ. ಅವಳು ಮಗಳ ಬಾಣಂತನದ ವಿಷಯ ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ಆದರೆ ನನ್ನ ಕೈ ಮಾತ್ರ ನನ್ನನ್ನು ಕೇಳದೆ ಚೀಲದೊಳಗೆ ಹೋಯಿತು, ತಡಕಾಡಿತು, ಬರಿದಾಗಿ ಹೊರಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು. ಯಾರ ಫೋನೂ ಬರಬೇಕಿರಲಿಲ್ಲ. ನೋಡಬೇಕಾದ್ದೂ ಏನೂ ಇರಲಿಲ್ಲ.

ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಹನುಮಕ್ಕ ಮಾತು ನಿಲ್ಲಿಸಿ, "ಏನ್ ಹುಡಕಾಕ ಹತ್ತೀರವ್ವಾ?" ಎಂದಳು.

ಅವಳ ಕಣ್ಣು ತಪ್ಪಿಸಿ ಚೀಲದ ಬಾಯಿ ಕಟ್ಟಿ ಪಕ್ಕಕ್ಕಿಟ್ಟೆ. ಖಾಲಿ ಕೈಗೆ ಏನಾದರೂ ಕೆಲಸ ಬೇಕಿತ್ತು. ಅವಳ ಮುಂದಿದ್ದ ಹತ್ತಿಯಿಂದ ಒಂದು ಹಿಡಿ ನನ್ನ ಮಡಿಲಿಗೆ ಎಳೆದುಕೊಂಡು, ಒಣಗಿದ ಎಲೆಯ ಚೂರು ಆರಿಸತೊಡಗಿದೆ. ಅವಳು ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, ನಾನು ಬಿಟ್ಟ ಕಸವನ್ನೆಲ್ಲ ಮತ್ತೊಮ್ಮೆ ಆರಿಸಿ, ಬಾಣಂತನದ ಕಥೆ ಮುಂದುವರಿಸಿದಳು.